ಮಕ್ಕಳ ಕೈಯಿಂದ ಮೊಬೈಲ್ ಕಸಿದು ಏನು ಕೊಡುತ್ತೀರಿ?

ಅಸ್ರ್ ನಮಾಝ್ ಮುಗಿದು ಮಗ್ರಿಬ್‌ನ ಅದಾನ್ ಮೊಳಗುವವರೆಗಿನ ಹೊತ್ತು ಒಂದು ಕಾಲದಲ್ಲಿ ಮಕ್ಕಳ ಪಾಲಿನದ್ದಾಗಿತ್ತು. ಲಗೋರಿ, ಚಿನ್ನಿದಾಂಡು, ಗೋಲಿಗಳ ಗದ್ದಲದಿಂದ ಓಣಿಗಳು ತುಂಬಿರುತ್ತಿದ್ದುವು. ಹೆಣ್ಣುಮಕ್ಕಳು ಅಂಗಳದ ಮೂಲೆಯಲ್ಲಿ ಗೆರಟೆಯನ್ನೇ ಪಾತ್ರೆಯಾಗಿಸಿ, ಮಣ್ಣನ್ನೇ ಅನ್ನವಾಗಿಸಿ ಅತಿಥಿಗಳಿಗೆ ಬಡಿಸುತ್ತಿದ್ದರು. ಇಂದು ಅದೇ ಹೊತ್ತಿನಲ್ಲಿ ನಮ್ಮ ಪಟ್ಟಣಗಳ ಮೊಹಲ್ಲಾಗಳಲ್ಲಿ ಒಮ್ಮೆ ನಡೆದು ನೋಡಿ. ಮಕ್ಕಳಿದ್ದಾರೆ, ಗದ್ದಲವಿಲ್ಲ. ಮೆಟ್ಟಿಲ ಮೇಲೆ ನಾಲ್ವರು ಹುಡುಗರು ಒತ್ತೊತ್ತಾಗಿ ಕುಳಿತಿರುತ್ತಾರೆ; ನಾಲ್ವರ ತಲೆಯೂ ಒಂದೇ ಮೊಬೈಲಿನತ್ತ ಬಾಗಿರುತ್ತದೆ. ಒಳಗೆ ಮೂರು ವರ್ಷದ ಮಗುವಿಗೆ ತುತ್ತು ಇಳಿಯಬೇಕಾದರೆ ಪರದೆಯಲ್ಲಿ ಕಾರ್ಟೂನ್ ಓಡಬೇಕು.

ಮನೆಗೆ ಟಿ.ವಿ. ತರಬೇಕೇ ಬೇಡವೇ ಎಂಬ ಬಗ್ಗೆ ಹಿಂದೆ ನಮ್ಮಲ್ಲಿ ಎಷ್ಟೆಲ್ಲ ಚರ್ಚೆಗಳಾಗಿದ್ದುವು! ಪ್ರವಚನಗಳಾದುವು, ಕೆಲವು ಮನೆಗಳಲ್ಲಿ ಬಹಿಷ್ಕಾರವೂ ನಡೆಯಿತು. ಮೊಬೈಲ್ ಮಾತ್ರ ಯಾವ ಚರ್ಚೆಗೂ ಎಡೆಗೊಡದೆ ಕಿಸೆಯಲ್ಲಿ ಕುಳಿತೇ ಮನೆ ಸೇರಿತು. ಗಲ್ಫ್‌ನಲ್ಲಿ ದುಡಿಯುವ ಎಷ್ಟೋ ತಂದೆಯರ ಮುಖವನ್ನು ಮಗು ಮೊದಲು ಕಂಡದ್ದೇ ಅದರಲ್ಲಿ. 2020ರಲ್ಲಿ ಕೊರೋನಾದಿಂದಾಗಿ ಶಾಲೆಗಳಿಗೆ ಬೀಗ ಬಿದ್ದಾಗ ಅದು ಪಾಠದ ಕೋಣೆಯೂ ಆಯಿತು. ಕಿರಿಯ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರಕಾರ ಆ ವರ್ಷ ಆದೇಶಿಸಿತ್ತಾದರೂ ಹೈಕೋರ್ಟ್ ಅದಕ್ಕೆ ತಡೆ ನೀಡಿತು. 1ರಿಂದ 5ನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಕಾಲಿಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಶಾಲೆಯೇನೋ ತೆರೆಯಿತು, ಕೈಗೆ ಬಂದ ಮೊಬೈಲ್ ಮಾತ್ರ ಮರಳಲಿಲ್ಲ.

ಈಗ ಹೆತ್ತವರು ಎಚ್ಚೆತ್ತಿದ್ದಾರೆ. ಬೈಯುತ್ತಾರೆ, ಕಸಿಯುತ್ತಾರೆ, ಪಾಸ್‌ವರ್ಡ್ ಬದಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ವಾಟ್ಸ್ಯಾಪ್‌ನಲ್ಲಿ ಹಂಚುತ್ತಾರೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು. ಆದರೆ ಅದೇ ಮಾರ್ಗಸೂಚಿಯ ಇನ್ನರ್ಧವನ್ನು ಓದಿದವರು ಎಷ್ಟು ಮಂದಿ? ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ ಮೂರು ಗಂಟೆ ಮೈಕೈ ಆಡಿಸುತ್ತಿರಬೇಕು, ಕುಳಿತಿರುವಾಗ ಹಿರಿಯರು ಜೊತೆಗೂಡಿ ಕತೆ ಹೇಳಬೇಕು, ಓದಬೇಕು ಎಂದೂ ಅದು ಹೇಳುತ್ತದೆ. ಕಸಿಯುವುದು ಸುಲಭ. ಕಸಿದ ಜಾಗದಲ್ಲಿ ಏನಿಡಬೇಕು ಎಂಬಲ್ಲಿ ನಾವು ಸೋಲುತ್ತಿದ್ದೇವೆ.

ಆಟವೆಂದರೆ ಕಾಲಹರಣವೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಧರ್ಮನಿಷ್ಠ ಮನೆಗಳಲ್ಲಂತೂ ಒಂದು ಹಿಡಿ ಹೆಚ್ಚೇ. ಈ ಭಾವನೆ ನಮಗೆ ಎಲ್ಲಿಂದ ಬಂತೋ ತಿಳಿಯದು, ಪ್ರವಾದಿ(ಸ)ಯವರ ಮನೆಯಿಂದಂತೂ ಬಂದಿಲ್ಲ. ಹಝ್ರತ್ ಆಯಿಶಾ(ರ)ರ ಬೊಂಬೆಗಳ ನಡುವೆ ಬಟ್ಟೆಯ ರೆಕ್ಕೆ ಹೊತ್ತ ಕುದುರೆಯೊಂದಿತ್ತು. ಕುದುರೆಗೂ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನಿಸಿದರು. ಆ ಉತ್ತರಕ್ಕೆ ಪ್ರವಾದಿ(ಸ) ದವಡೆ ಹಲ್ಲುಗಳು ಕಾಣುವಂತೆ ನಕ್ಕರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಕುದುರೆಗೆ ರೆಕ್ಕೆ ಕಟ್ಟುವ ಕಲ್ಪನೆಗೆ ಗದರಿಕೆಯಲ್ಲ, ನಗು ಸಿಕ್ಕಿತು. ಪಾಠಶಾಲೆಯಿಂದ ಬಂದ ಮಗುವಿಗೆ ಆಡಲು ಬಿಡಬೇಕು, ಆಟವಿಲ್ಲದೆ ಸದಾ ಪಾಠಕ್ಕೆ ಕಟ್ಟಿಹಾಕಿದರೆ ಅದರ ಮನಸ್ಸು ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬರ್ಥದಲ್ಲಿ ಇಮಾಮ್ ಗಝ್ಝಾಲಿಯವರು ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ‘ಇಹ್ಯಾ’ದಲ್ಲಿ ಬರೆದಿದ್ದಾರೆ.

ನಮ್ಮ ಮಕ್ಕಳ ದಿನಚರಿಯನ್ನು ಆ ಮಾತಿನ ಪಕ್ಕದಲ್ಲಿಟ್ಟು ನೋಡಿ. ನಸುಕಿಗೆ ಮದ್ರಸ, ಬಳಿಕ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಮ್‌ವರ್ಕ್. ಇವುಗಳ ನಡುವೆ ಉಳಿಯುವ ಅರ್ಧ, ಮುಕ್ಕಾಲು ಗಂಟೆಯ ಚೂರುಗಳಲ್ಲಿ ಆಟ ಕಟ್ಟಲಾಗದು. ಆಟಕ್ಕೆ ಜೊತೆಗಾರರು ಸೇರಬೇಕು, ಜಗಳವಾಗಿ ರಾಜಿಯಾಗಬೇಕು, ನಿಯಮಗಳು ಹುಟ್ಟಬೇಕು. ಅರ್ಧ ಗಂಟೆಯ ಚೂರಿಗೆ ಹೊಂದುವುದು ಮೊಬೈಲ್ ಮಾತ್ರ.

ಸಮಯ ಸಿಕ್ಕರೂ ಜಾಗವೆಲ್ಲಿ? ಅಭದ್ರತೆಯ ಭಾವವು ಮುಸ್ಲಿಮರನ್ನು ಇಕ್ಕಟ್ಟಿನ ಕೇರಿಗಳಿಗೆ ದೂಡಿರುವುದನ್ನೂ ಅಲ್ಲಿ ನಾಗರಿಕ ಸೌಲಭ್ಯಗಳು ಸೊರಗಿರುವುದನ್ನೂ 2006ರ ಸಾಚಾರ್ ಸಮಿತಿ ವರದಿ ಎತ್ತಿ ತೋರಿಸಿತ್ತು. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಶಾಲೆಗೆ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ವಿಧಿಸುತ್ತದೆ. ವಾಣಿಜ್ಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಡೆಯುವ ಶಾಲೆಗೆ ಶುಲ್ಕ ಕಟ್ಟುವ ನಾವು ಇದನ್ನು ಎಂದಾದರೂ ಕೇಳಿದ್ದುಂಟೇ? ಚುನಾವಣೆಯಲ್ಲಿ ಮತ ಕೇಳಲು ಬರುವ ನಗರಸಭೆ ಅಭ್ಯರ್ಥಿಯ ಮುಂದೆ ಚರಂಡಿ, ದಾರಿದೀಪದ ಜೊತೆ ಮಕ್ಕಳ ಬಯಲನ್ನೂ ಬೇಡಿಕೆಯಾಗಿ ಇಟ್ಟದ್ದುಂಟೇ?

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಕಷ್ಟದ್ದು. ಹತ್ತು ವರ್ಷ ತುಂಬುತ್ತಲೇ ಅವಳ ಓಣಿ ಮುಚ್ಚುತ್ತದೆ. ಅಂಗಳವಿಲ್ಲದ ಫ್ಲ್ಯಾಟ್‌ನಲ್ಲಿ ಅವಳಿಗೆ ಉಳಿಯುವ ಏಕೈಕ ಕಿಟಕಿ ಅಂಗೈಯಗಲದ ಪರದೆ. ಅದನ್ನೂ ಮುಚ್ಚಿ ಅದಬ್ ಕಲಿಸಿದೆವೆಂದು ನಾವು ಬೀಗುವುದು ಅನ್ಯಾಯ. ಪ್ರವಾದಿ(ಸ) ಮತ್ತು ಆಯಿಶಾ(ರ) ಓಟದ ಸ್ಪರ್ಧೆ ನಡೆಸಿದ್ದನ್ನು ವೇದಿಕೆಯಲ್ಲಿ ವರ್ಣಿಸುವವರು, ತಮ್ಮ ಮಗಳು ಕೊನೆಯ ಬಾರಿ ಓಡಿದ್ದು ಯಾವಾಗ ಎಂದು ಮನೆಯಲ್ಲಿ ವಿಚಾರಿಸಲಿ.

ಜಮಾಅತ್‌ಗಳ ಬಳಿ ಹಲವೆಡೆ ಜಾಗವಿದೆ. ಮದ್ರಸದ ಅಂಗಳಗಳಿವೆ, ವಾರದ ಬಹುದಿನ ಖಾಲಿ ಬಿದ್ದಿರುವ ಮದುವೆ ಸಭಾಂಗಣಗಳಿವೆ. ಸದ್ದು ಮಾಡಿದ ಮಕ್ಕಳನ್ನು ಮಸೀದಿಯ ಆವರಣದಿಂದ ಗದರಿ ಓಡಿಸುವ ಹಿರಿಯರು, ಸುಜೂದ್‌ನಲ್ಲಿದ್ದಾಗ ಬೆನ್ನೇರಿದ ಮೊಮ್ಮಗನಿಗಾಗಿ ಪ್ರವಾದಿ(ಸ) ಸುಜೂದನ್ನೇ ದೀರ್ಘಗೊಳಿಸಿದ್ದನ್ನು ನೆನೆಯಲಿ. ಅಸ್ರ್‌ನಿಂದ ಮಗ್ರಿಬ್‌ವರೆಗೆ ಅಂಗಳದ ಗೇಟು ತೆರೆದಿಡಲು, ವಾರದಲ್ಲಿ ಎರಡು ದಿನ ಸಭಾಂಗಣವನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಡಲು, ಬಣ್ಣ, ರಟ್ಟು, ಮರದ ತುಂಡು, ಹಳೆ ಬಟ್ಟೆಗಳ ಪೆಟ್ಟಿಗೆಯೊಂದನ್ನು ಮೂಲೆಯಲ್ಲಿಡಲು ದೊಡ್ಡ ನಿಧಿಯೇನೂ ಬೇಕಿಲ್ಲ. ಆಟ ಕಲಿಸಲು ಯಾರನ್ನೂ ನೇಮಿಸಬೇಕಾಗಿಲ್ಲ. ಕಣ್ಣಿಡಲು ಒಬ್ಬರಿದ್ದರೆ ಸಾಕು. ಅದೂ ತನ್ನ ಮೊಬೈಲನ್ನು ಕಿಸೆಯಲ್ಲಿಟ್ಟು ಕೂರಬಲ್ಲ ಒಬ್ಬರು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಆರಂಭವಾಗುತ್ತದೆ. ಅದಕ್ಕೆ ಮೊದಲು ನಡೆಯುವ ಜಮಾಅತ್ ಕಮಿಟಿಯ ಸಭೆಯಲ್ಲಿ ಇದು ಚರ್ಚೆಗೆ ಬರಲಿ.