ಮಲ್ಲಯ್ಯನ ಹಾದಿಯ ಜೊತೆಗಾರ

ಫಾಲ್ಗುಣ ಮಾಸವು ಮುಗಿಯುತ್ತ ಬಂದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಊರೂರುಗಳಿಂದ ಸದ್ಭಕ್ತರು ಕಂಬಿಯೊಡನೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ನಮ್ಮ ವಾಚಕ ಬಂಧುಗಳಿಗೆ ಹೊಸ ಸಂಗತಿಯಲ್ಲ. ಯುಗಾದಿಯ ಹೊತ್ತಿಗೆ ಸನ್ನಿಧಿಯನ್ನು ಸೇರಬೇಕು. ಭ್ರಮರಾಂಬೆಯು ನಮ್ಮ ಮನೆಯ ಮಗಳು, ಮಲ್ಲಯ್ಯನು ಅಳಿಯ ಎಂಬ ಸಲುಗೆ ಈ ಭಾಗದ ಜನರದು. ಆದುದರಿಂದಲೇ ಗಂಟಿನಲ್ಲಿ ಮಗಳಿಗೊಂದು ಸೀರೆ, ತಮಗೆ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ.

ಬಾಗಲಕೋಟೆಯಿಂದ ಹೊರಟವರಿಗೆ ಹಾದಿಯು ಹೆಚ್ಚು ಕಡಿಮೆ 400 ಕಿ.ಮೀ. ಆಗುತ್ತದೆ. ಬಯಲುಸೀಮೆಯಲ್ಲಿ ನಸುಕಿಗೆ ಎದ್ದು ನಡೆದು, ಹತ್ತು ಗಂಟೆಯೊಳಗೆ ಬೇವಿನ ನೆರಳನ್ನೋ ಊರ ಗುಡಿಯನ್ನೋ ಸೇರಿ, ಬಿಸಿಲಿಳಿದ ಮೇಲೆ ಮತ್ತೆ ನಡೆಯುವುದು ಹಿರಿಯರ ರೂಢಿ. ಆತ್ಮಕೂರು, ವೆಂಕಟಾಪುರ ದಾಟಿ ನಲ್ಲಮಲ ಕಾಡನ್ನು ಹೊಕ್ಕ ಮೇಲೆ ಈ ಶಿಸ್ತು ಸಡಿಲುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು ಎಂದು ಹೆಸರುಗಳು ಹತ್ತಿರವಾದಷ್ಟೂ ಕಾಲು ನಿಲ್ಲಲೊಲ್ಲದು. ಕಾಡೆಂದರೆ ನೆರಳೆಂದು ನಂಬಿ ಬಂದವರಿಗೆ ಅಲ್ಲಿ ನಿರಾಶೆಯೇ ಸರಿ. ಅದು ಎಲೆಯುದುರುವ ಕಾಡು; ಆ ತಿಂಗಳಲ್ಲಿ ಮರಗಳು ಬರಿಯ ಕೊಂಬೆಗಳಾಗಿ ನಿಂತಿರುತ್ತವೆ, ಬಂಡೆಗಳು ಕಾದು ಕೆಂಡದಂತಾಗಿರುತ್ತವೆ.

ಕೆಲವು ವರ್ಷಗಳ ಹಿಂದೆ ಪೆದ್ದಚೆರುವಿನಿಂದ ಮುಂದಕ್ಕೆ ನಾವು ನಡೆದಾಗ ವೃದ್ಧ ಭಕ್ತರೊಬ್ಬರು ನಮ್ಮ ಜೊತೆಗಿದ್ದರು. ಮುಂದಿನ ಬಿಡದಿಯವರೆಗೆ ನೀರು ಮುಟ್ಟುವುದಿಲ್ಲವೆಂಬುದು ಅವರ ಸಂಕಲ್ಪ. ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ನಡುಹಗಲಿನ ಹೊತ್ತಿಗೆ ಅವರ ಪಂಚಾಕ್ಷರಿ ಜಪವು ತೊದಲತೊಡಗಿತು. ಬಳಿಕ ನಮ್ಮತ್ತ ತಿರುಗಿ, “ಊರ ಅಗಸಿ ಬಂತೇನ್ರಿ ಅಜ್ಜಾರ?” ಎಂದು ಕೇಳಿದರು. ಅವರ ಊರು ಹತ್ತು ದಿನಗಳ ಹಿಂದೆ ಬೆನ್ನಿಗೆ ಬಿದ್ದಿತ್ತು! ಬಂಡೆಯೊಂದರ ಮರೆಯಲ್ಲಿ ಕೂಡಿಸಿ, ಧೋತರದ ಅಂಚನ್ನು ನೆನೆಸಿ ತಲೆ, ಕೊರಳು, ಕಂಕುಳಿಗೆ ಒತ್ತಿ, ವಸ್ತ್ರದಿಂದ ಗಾಳಿ ಬೀಸಿದೆವು. ಮಾತು ನೇರವಾದ ಮೇಲೆ ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ವ್ರತ ಕೆಡಿಸಿದಿರೆಂದು ಅವರಿಗೆ ಬಹಳ ಸಿಟ್ಟು ಬಂದಿತು. ಸಂಜೆಯವರೆಗೆ ನಮ್ಮೊಡನೆ ಮಾತು ಬಿಟ್ಟಿದ್ದರು.

ಬಿಸಿಲಿನ ಈ ಪೆಟ್ಟಿನಲ್ಲಿ ಒಂದು ವಿಶೇಷವಿದೆ. ಬೆವರು ಆರುವುದರಿಂದ ದೇಹವು ತಂಪಾಗುತ್ತದೆ; ನೀರು ತೀರಿದರೆ ಆ ಏರ್ಪಾಡು ಕುಸಿಯುತ್ತದೆ. ಮೈಯೊಳಗಿನ ಕಾವು 40 ಡಿಗ್ರಿ ದಾಟಿದಾಗ ಮಿದುಳಿಗೆ ಏಟು ಬೀಳುತ್ತದೆ. ಅಂದರೆ, ತನಗೆ ಕೇಡಾಗಿದೆಯೆಂದು ತಿಳಿಯಬೇಕಾದ ಬುದ್ಧಿಯೇ ಮಂಕಾಗುತ್ತದೆ. ನನಗೇನೂ ಆಗಿಲ್ಲವೆಂದೇ ಅವನು ಹೇಳುತ್ತಾನೆ. ಆ ಮಾತನ್ನು ನಂಬದಿರುವವನೊಬ್ಬನು ಪಕ್ಕದಲ್ಲಿ ಬೇಕು. ತರುಣರು ಪಂದ್ಯ ಕಟ್ಟಿದವರಂತೆ ಮುಂದೆ ಓಡಿ, ವಯಸ್ಸಾದವರನ್ನು ಹಿಂದೆ ಬಿಡುವುದನ್ನು ಪ್ರತಿಸಲ ಕಾಣುತ್ತೇವೆ. ಮೊದಲು ಮುಟ್ಟಿದವನಿಗೆ ಮಲ್ಲಯ್ಯನು ಬೇರೆ ಪ್ರಸಾದವನ್ನೇನೂ ಇಟ್ಟಿಲ್ಲ.

ನೀರಡಿಕೆಯನ್ನು ತಡೆಯುವುದೇ ಭಕ್ತಿಯೆನ್ನುವವರು ರಾಘವಾಂಕನ ಸಿದ್ಧರಾಮ ಚಾರಿತ್ರವನ್ನು ನೆನೆಯಲಿ. ಸೊನ್ನಲಿಗೆಯ ಹೊಲದಲ್ಲಿ ಜಂಗಮರೂಪಿನಿಂದ ಬಂದ ಮಲ್ಲಯ್ಯನು ಬಾಲಕನ ಮುಂದೆ ಹಸಿವನ್ನು ಮುಚ್ಚಿಡಲಿಲ್ಲ, ಮಜ್ಜಿಗೆಯನ್ನು ಬಾಯಿಬಿಟ್ಟು ಕೇಳಿದನು. ಅದನ್ನು ತರಲು ಮನೆಗೆ ಓಡಿದ ಬಾಲಕನು ಮರಳಿ ಬಂದು, ಕಾಣದ ಮಲ್ಲಯ್ಯನನ್ನು ಅರಸುತ್ತ ಹಿಡಿದದ್ದು ಈ ಶ್ರೀಶೈಲದ ಹಾದಿಯನ್ನೇ. ದಾರಿಯುದ್ದಕ್ಕೂ ಊರಿನವರು ಇಡುವ ಅರವಟ್ಟಿಗೆಯ ಮುಂದೆ ಬೇಡವೆಂದು ಸಾಗುವವನು ಅವರ ದಾಸೋಹವನ್ನೂ ತಿರಸ್ಕರಿಸಿದಂತೆ ಎಂಬುದು ನಮ್ಮ ಅಭಿಪ್ರಾಯ. (ಕುಡಿದ ಲೋಟವನ್ನು ಕಾಡಿನಲ್ಲಿ ಎಸೆಯುವುದು ಮಾತ್ರ ಬೇಡ, ಅದು ಹುಲಿಗಳಿಗೆಂದು ಕಾಯ್ದಿಟ್ಟ ಅರಣ್ಯ.)

ಈ ಸಲ ಕಂಬಿ ಪೂಜೆಯ ದಿನವೇ ಪ್ರತಿ ಊರಿನವರೂ ಜೋಡಿಗಳನ್ನು ಗೊತ್ತುಮಾಡಲಿ. ಅರುವತ್ತು ದಾಟಿದ ಒಬ್ಬೊಬ್ಬರಿಗೂ ಒಬ್ಬ ತರುಣನಿರಲಿ. ನಿಧಾನವಾಗಿ ನಡೆಯುವವರು ಮುಂದೆ, ಬಿರುಸಿನವರು ಹಿಂದೆ. ಗಂಟೆಗೊಮ್ಮೆ ಊರಿನ ಹೆಸರು, ಮನೆಯವರ ಹೆಸರು ಕೇಳಿ ನೋಡಬೇಕು. ಉತ್ತರ ತಪ್ಪಿದರೆ ಅಲ್ಲಿಯೇ ನಡಿಗೆ ನಿಲ್ಲಿಸಿ, ಮೈಗೆ ನೀರು ಹೊಯ್ದು, 108ಕ್ಕೆ ಕರೆ ಮಾಡಬೇಕು. ಕಾಡಿನಲ್ಲಿ ಕರೆ ಹೋಗದಿದ್ದರೆ ಒಬ್ಬರನ್ನು ಮುಂದಿನ ಬಿಡದಿಗೆ ಓಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ತೀರ್ಥವನ್ನೂ ಹಾಕಬಾರದು, ಉಸಿರುನಾಳಕ್ಕೆ ಇಳಿಯುತ್ತದೆ.