ಫಿಯೆಟ್ಟಿಗೆ ಗಂಟಲು ಹಾಕಿಸುವವರಿಗೆ

ಮೊನ್ನೆ ಶನಿವಾರ ರಾತ್ರಿ ಹನ್ನೆರಡೂಕಾಲು. ಭಾಂಡುಪ್ ಪಶ್ಚಿಮದ ನಮ್ಮ ಗಲ್ಲಿಯಲ್ಲಿ ನಾಯಿಗಳೂ ಮಲಗಿಯಾಗಿತ್ತು. ಇದ್ದಕ್ಕಿದ್ದಂತೆ ಟೆಂಭಿಪಾಡಾ ಕಡೆಯಿಂದ ಗುಡುಗು. ಮಳೆಗಾಲ ಮುಗಿದ ಮೇಲೆ ಇದೆಂಥ ಗುಡುಗಪ್ಪ ಎಂದು ಕಿಟಕಿಗೆ ಬಂದರೆ, ಕೆನೆ ಬಣ್ಣದ ಪ್ರೀಮಿಯರ್ ಪದ್ಮಿನಿಯೊಂದು ನಮ್ಮ ಕಟ್ಟಡದ ಕೆಳಗೇ ಬಂದು ನಿಂತಿತು. ಎದುರು ಮನೆಯಲ್ಲಿ ಅಂದೇ ಆಸ್ಪತ್ರೆಯಿಂದ ಬಂದ ಮುದುಕಿ. ಎರಡನೇ ಮಹಡಿಯಲ್ಲಿ ಬೆಳಗಿನ ಪಾಳಿಗೆ ನಾಲ್ಕಕ್ಕೇ ಏಳಬೇಕಾದ ಮನುಷ್ಯ. ಎಲ್ಲ ಕಿಟಕಿಗಳಲ್ಲೂ ದೀಪ.

ಇಳಿದವನು ನಮ್ಮ ಊರಿನವರೇ ಒಬ್ಬರ ಮಗ. ಅಪ್ಪ ಕ್ಯಾಂಟೀನಿನ ದುಡ್ಡು ಕೂಡಿಸಿ ಕೊಂಡು, ಒರೆಸಿ ಒರೆಸಿ ಇಟ್ಟಿದ್ದ 1982ರ ಗಾಡಿ ಅದು. ಅವರು ತೀರಿಕೊಂಡ ಮೇಲೆ ಮಗನ ಕೈಗೆ ಬಂತು.

"ಮಾವ, ಸೌಂಡ್ ಕೇಳಿಸ್ತಾ?" ಅಂದ, ಮುಖವೆಲ್ಲ ನಗು.

"ಕೇಳಿಸ್ತು ಮಾರಾಯ. ಮುಲುಂಡಿಗೂ ಕೇಳಿಸಿರಬೇಕು."

"ಫ್ರೀ ಫ್ಲೋ ಹಾಕಿಸಿದೆ. ಹದಿನೆಂಟು ಸಾವಿರ. ಇನ್ನು ಇಂಜಿನ್ನೇ ಬದಲಾಯಿಸೋಣ ಅಂತಿದ್ದೇನೆ."

ಬ್ರೇಕ್ ಹೇಗಿದೆ ಅಂತ ಕೇಳಿದೆ. ಒತ್ತಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತದಂತೆ. ಟಯರಿನ ಪಕ್ಕೆಯಲ್ಲಿ ಬಿರುಕು, ಅದು ನನಗೇ ಕಾಣುತ್ತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸದ್ದಿನಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟೇ ಇದನ್ನು ಬರೆಸುತ್ತಿದೆ.

ಪದ್ಮಿನಿ ಎಂಥ ಸ್ಪೋರ್ಟ್ಸ್ ಕಾರು ಸ್ವಾಮಿ ಎಂದು ನಗಬೇಡಿ. 1983ರಲ್ಲಿ ಮಾರುತಿ ಬರುವ ತನಕ ನಮ್ಮ ದೇಶದಲ್ಲಿ ಇದ್ದದ್ದೇ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಎರಡೇ ಸೀಟಿನ ಸ್ಯಾನ್ ಸ್ಟಾರ್ಮ್ ಬಂದದ್ದು 1990ರ ದಶಕದ ಕೊನೆಗೆ. ಮದರಾಸಿನ ಹತ್ತಿರ ಶೋಲಾವರಂನ ಹಳೆಯ ರನ್‌ವೇ ಮೇಲೆ ರೇಸ್ ಆಗುತ್ತಿದ್ದಾಗ ಅಲ್ಲಿ ಓಡಿದ್ದು ಇದೇ ಫಿಯೆಟ್‌ಗಳು. ಗೇರ್ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲಿದ್ದರೂ ಬಡವನ ಸ್ಪೋರ್ಟ್ಸ್ ಕಾರು ಅದೇ. ಅದು ಹುಟ್ಟಿದ್ದೂ ನಮ್ಮ ಎಲ್‌ಬಿಎಸ್ ರಸ್ತೆಯಲ್ಲೇ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ. ಮುಂಬಯಿಯಲ್ಲಿ ಕೊನೆಯದಾಗಿ ನೋಂದಣಿಯಾದ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಇನ್ನು ಉಳಿದಿರುವುದು ಮನೆ ಗಾಡಿಗಳು ಮಾತ್ರ. ಒಂದನ್ನು ಕೆಡಿಸಿದರೆ ಒಂದು ಕಮ್ಮಿ.

ಈಗ ಸೌಂಡಿನ ವಿಷಯಕ್ಕೆ ಬರುತ್ತೇನೆ. ಎಲ್‌ಬಿಎಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ಕೈಗೆ ಗ್ರೀಸ್ ಅಂಟದವರ ಮಾತು ಇದಲ್ಲ.

"ಹೊಗೆ ಸರಾಗವಾಗಿ ಹೋದರೆ ಪವರ್ ಜಾಸ್ತಿ" ಅನ್ನುತ್ತಾರೆ. ಅರ್ಧ ಸತ್ಯ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಅನಿಲ ಒಂದು ಏಟಿನಂತೆ ಪೈಪಿನಲ್ಲಿ ಓಡುತ್ತದೆ. ಅದರ ಬೆನ್ನಿಗೆ ಒತ್ತಡ ಕಡಿಮೆಯಾಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಈ ಎಳೆತ ಬೇಕಾದರೆ ಅನಿಲಕ್ಕೆ ವೇಗ ಇರಬೇಕು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುವುದು ಯಾಕೆ ಹೇಳಿ? 1089 ಸಿಸಿ, ನಲವತ್ತು ಚಿಲ್ಲರೆ ಅಶ್ವಶಕ್ತಿಯ ಇಂಜಿನ್ನಿಗೆ ಲಾರಿಯ ಗಾತ್ರದ ಪೈಪ್ ಹಾಕಿದರೆ ಹೊಗೆ ನಿಧಾನವಾಗುತ್ತದೆ, ಕೆಳಗಿನ ಆರ್‌ಪಿಎಮ್‌ನಲ್ಲಿ ಎಳೆಯುವ ಶಕ್ತಿ ಹೋಗುತ್ತದೆ. ಲಾಭ ಏನಾದರೂ ಇದ್ದರೆ ಇಂಜಿನ್ ಕಿರುಚುವಷ್ಟು ತಿರುಗಿದಾಗ. ಕಾಂಜೂರ್‌ಮಾರ್ಗದ ಸಿಗ್ನಲ್ಲಿನಲ್ಲಿ ಯಾವಾಗ ಅಷ್ಟು ತಿರುಗಿಸುತ್ತೀರಿ? ನಮ್ಮ ಓಡಾಟವೆಲ್ಲ ಒಂದೂವರೆ ಸಾವಿರದಿಂದ ಮೂರು ಸಾವಿರದೊಳಗೆ.

ಎರಡನೆಯದು ಇನ್ನೂ ಮುಖ್ಯ. ಹೊರಗೆ ಹೋಗುವ ದಾರಿ ಬದಲಾಯಿಸಿದರೆ ಒಳಗೆ ಬರುವುದನ್ನೂ ಸರಿಮಾಡಬೇಕು. ಪದ್ಮಿನಿಯಲ್ಲಿ ಇರುವುದು ಕಾರ್ಬುರೇಟರ್. ಈಗಿನ ಗಾಡಿಗಳ ಹಾಗೆ ಕಂಪ್ಯೂಟರ್ ಕೂತು ಲೆಕ್ಕ ಹಾಕುವುದಿಲ್ಲ. ಜೆಟ್ಟಿನ ತೂತು ಎಷ್ಟೋ ಅಷ್ಟೇ ಪೆಟ್ರೋಲ್. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಮೇಲಿಂದ ಈಗ ಬಂಕುಗಳಲ್ಲಿ ಬಹುತೇಕ ಇ20. ಬರೀ ಪೆಟ್ರೋಲಿಗೆ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5ರ ಆಸುಪಾಸು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಆಗಲೇ ತೆಳು. ಅದರ ಮೇಲೆ ಈ ಪೈಪ್! ಹದಿನೆಂಟು ಸಾವಿರ ತೆಗೆದುಕೊಂಡವನು ಒಂದು ಜೆಟ್ ಬದಲಾಯಿಸಿದನೇ? ಪ್ಲಗ್ ಬಿಚ್ಚಿ ನೋಡಿದನೇ? ಬಿಸ್ಕತ್ತಿನ ಬಣ್ಣ ಇದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಮ್ಮಿ. ಐದು ನಿಮಿಷದ ಕೆಲಸ. ಮರುದಿನ ನಾನೇ ಬಿಚ್ಚಿ ನೋಡಿದೆ. ನಾಲ್ಕೂ ಬೆಳ್ಳಗೆ.

ಇಷ್ಟೆಲ್ಲ ಹೇಗೆ ಗೊತ್ತು ಅಂದರೆ, ನಾನೂ ಇದೇ ಹುಚ್ಚು ಮಾಡಿದವನು. 1994ರಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಪದ್ಮಿನಿಗೆ ಒಬ್ಬ ಗ್ಯಾರೇಜಿನವನು ಸೈಲೆನ್ಸರ್ ಕತ್ತರಿಸಿ ದಪ್ಪ ಪೈಪ್ ವೆಲ್ಡಿಂಗ್ ಮಾಡಿಕೊಟ್ಟ. ಕಾರ್ಬುರೇಟರ್ ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಫಿಟ್ಟರ್ ಆಗಿದ್ದೂ ಕೇಳಲಿಲ್ಲ ನೋಡಿ, ಅದೇ ನಾಚಿಕೆ. ಮೇ ತಿಂಗಳು, ತಂಗಿಯ ಮದುವೆ. ಹೆಂಡತಿ, ಎರಡು ಮಕ್ಕಳು, ಡಿಕ್ಕಿ ತುಂಬ ಸಾಮಾನು, ಉಡುಪಿ ದಾರಿ. ಆಗ ಅದು ಎನ್‌ಎಚ್ 17, ಈಗ 66. ಕಶೇಡಿ ಘಾಟಿಯಲ್ಲಿ ಗಾಡಿ ಸೆಕೆಂಡ್ ಗೇರಿನಲ್ಲೂ ಏದುಸಿರು ಬಿಟ್ಟಿತು. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ನಿಲ್ಲಿಸಿ ನಿಲ್ಲಿಸಿ ಹತ್ತಿದೆವು. ಚಿಪಳೂಣ್ ಮುಟ್ಟುವಾಗ ಮೂರೇ ಸಿಲಿಂಡರ್. ಹೆಡ್ ಬಿಚ್ಚಿಸಿದರೆ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ಹಾಗೆ ಸುಟ್ಟಿತ್ತು. ಎರಡು ರಾತ್ರಿ ಲಾಡ್ಜಿನಲ್ಲಿ. ನಾವು ಊರು ಮುಟ್ಟುವಾಗ ಮುಹೂರ್ತ ಮುಗಿದು, ಚಪ್ಪರ ಬಿಚ್ಚುತ್ತಿದ್ದರು. ತಂಗಿಗೆ ಧಾರೆಗೆ ಅಣ್ಣ ಇರಲಿಲ್ಲ. ಅವಳು ಈಗಲೂ ಏನೂ ಅನ್ನುವುದಿಲ್ಲ. ನನ್ನ ಹೆಂಡತಿ ಮಾತ್ರ ಯಾರದಾದರೂ ಗಾಡಿ ಜೋರು ಸದ್ದು ಮಾಡಿದರೆ "ಚಿಪಳೂಣ್ ಬಂತು" ಅನ್ನುತ್ತಾಳೆ.

ಹಾಗಂತ ಏನೂ ಮುಟ್ಟಬೇಡಿ ಎಂಬ ಮಡಿವಂತರ ಪಕ್ಷವೂ ನನ್ನದಲ್ಲ. ಕೆಲವರಿಗೆ ಒಂದು ಸ್ಕ್ರೂ ಬದಲಾದರೂ ಜಾತಿ ಕೆಟ್ಟ ಹಾಗೆ. ರಸ್ತೆಯಲ್ಲಿ ಓಡಬೇಕಾದ ಗಾಡಿಗೆ ಕಾಲಕ್ಕೆ ತಕ್ಕ ರಿಪೇರಿ ಬೇಕೇ ಬೇಕು. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ನಿಲ್ಲಬೇಕು: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ವೀಲ್ ಸಿಲಿಂಡರ್, ಲೈನಿಂಗ್, ಟಯರ್ ನೋಡದೆ ಇಂಜಿನ್ನಿನ ಮಾತು ಎತ್ತಬಾರದು. ಆಮೇಲೆ ತಂಪು: ರೇಡಿಯೇಟರ್ ತೊಳೆಸಿ. ಆಮೇಲೆ ಪೆಟ್ರೋಲಿನ ದಾರಿ: ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಹೋಸ್ ಮತ್ತು ಪಂಪಿನ ಡಯಾಫ್ರಮ್ ಬದಲಾಯಿಸಿ, ಜೆಟ್ ಒಂದು ನಂಬರ್ ದೊಡ್ಡದು ಹಾಕಿ ಪ್ಲಗ್ ನೋಡಿ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿದರೆ ನಾನೇ ಬಂದು ಚಹಾ ಕುಡಿಸುತ್ತೇನೆ. ಇಷ್ಟಾದ ಮೇಲೂ ಕೈ ತುರಿಸಿದರೆ ಪೈಪ್. ಅದೂ ಕಂಪನಿಯ ಗಾತ್ರದ್ದೇ, ಒಳಗೆ ಸರಿಯಾದ ಸೈಲೆನ್ಸರ್ ಇರುವಂಥದ್ದು, ಸಾಧ್ಯವಾದರೆ ಸ್ಟೇನ್‌ಲೆಸ್. ಸಣ್ಣ ಸಣ್ಣ ಓಡಾಟದಲ್ಲಿ ಒಳಗೆ ನೀರು ನಿಂತು ಕಬ್ಬಿಣದ ಪೈಪ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕೆಳಗೆ ಜೋತಾಡುವ ಪೈಪ್ ಬೇಡ. ಜುಲೈಯಲ್ಲಿ ಕುರ್ಲಾದ ನೀರು ಯಾರನ್ನೂ ಕೇಳಿ ಏರುವುದಿಲ್ಲ.

ಇಂಜಿನ್ ಬದಲಾಯಿಸುವ ಹುಮ್ಮಸ್ಸಿನವರು ಕಾಗದವನ್ನೂ ಸ್ವಲ್ಪ ಓದಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ತಿದ್ದಬಾರದು ಅನ್ನುತ್ತದೆ. ಇಂಜಿನ್ ಬದಲಿಗೆ ಆರ್‌ಟಿಓ ಒಪ್ಪಿಗೆ ಬೇಕು. 2019ರ ತಿದ್ದುಪಡಿಯ ನಂತರ ಶಬ್ದದ ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. 2021ರ ವಿಂಟೇಜ್ ನಿಯಮ ಬೇರೆ ಇದೆ: 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಉಳಿದ ಗಾಡಿಗೆ "ವಿಎ" ಅಕ್ಷರದ ನಂಬರ್. ದಿನಾ ಓಡಿಸಲು ಬಿಡುವುದಿಲ್ಲ, ರ‍್ಯಾಲಿಗೆ, ಪ್ರದರ್ಶನಕ್ಕೆ ಅಷ್ಟೇ. ಈ ಹುಡುಗನ ಗಾಡಿಗೆ 2032ರಲ್ಲಿ ಆ ಯೋಗ. ಇಂಜಿನ್ ಕಿತ್ತರೆ ಅದೂ ಇಲ್ಲ.

"ನನ್ನ ಗಾಡಿ, ನನ್ನ ದುಡ್ಡು" ಅನ್ನುವವರಿಗೆ ಒಂದು ಮಾತು. ಗಾಡಿ ನಿಮ್ಮದು, ಗಾಳಿ ನಿಮ್ಮದಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ ಮಿತಿ 45 ಡೆಸಿಬಲ್. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಸದ್ದು. ನಮ್ಮದು ಗುಡ್ಡಕ್ಕೆ ಒರಗಿದ ಚಾಳುಗಳ ಭಾಂಡುಪ್; ಕೆಳಗೆ ಕೆಮ್ಮಿದರೆ ಮೇಲೆ ಕೇಳುತ್ತದೆ. ನಾವೆಲ್ಲ ಈ ಊರಿಗೆ ಬಂದು ಒಂದೇ ಖೋಲಿಯಲ್ಲಿ ಎಂಟು ಜನ, ಪಾಳಿಯ ಪ್ರಕಾರ ಮಲಗಿದವರು. ಇನ್ನೊಬ್ಬರ ನಿದ್ದೆಯ ಬೆಲೆ ನಮಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು?

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಹಳೆ ಸೈಲೆನ್ಸರ್ ಗುಜರಿಗೆ ಕೊಟ್ಟಾಯ್ತು" ಅಂದ. ಅಪ್ಪ ಹಾಕಿಸಿದ್ದದು. ಅವನ ಮುಖ ನೋಡಿ ಮುಂದೆ ಬೈಯಲು ಮನಸ್ಸಾಗಲಿಲ್ಲ. ಬ್ರೇಕಿನ ವೀಲ್ ಸಿಲಿಂಡರ್ ತಂದಿದ್ದಾನೆ, ಈ ವಾರ ಇಬ್ಬರೂ ಕೂತು ಹಾಕಬೇಕು. ಭಾನುವಾರ ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳನ್ನು ಜಾಲಾಡುತ್ತೇವೆ, ಸಿಗದಿದ್ದರೆ ಒಪೇರಾ ಹೌಸ್. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಪದ್ಮಿನಿಯ ಸೈಲೆನ್ಸರ್ ಬಿದ್ದಿದ್ದರೆ ತಿಳಿಸಿ. ತುಕ್ಕು ಹಿಡಿದಿರಬಾರದು, ಅಷ್ಟೇ.