ಸೀಟಿಗೆ ಮುಂಚೆ ವಾರ್ಡು ತೋರಿಸಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ನಮ್ಮ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ನಿಲ್ಲುತ್ತಾನೆ. ಅದೇ ರೈತ ಸಾಲ ಮಾಡಿ ಮಗಳನ್ನು ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಫಿಸಿಯೋಥೆರಪಿ ವ್ಯಾಸಂಗಕ್ಕೆ ಸೇರಿಸುವಾಗ ಆ ಕೆಲಸ ಎಂಥದೆಂದು ಅವನೂ ಕಂಡಿರುವುದಿಲ್ಲ, ಮಗಳೂ ಕಂಡಿರುವುದಿಲ್ಲ. ಇದು ಅವರ ತಪ್ಪಲ್ಲ. ನೋಡುವುದಕ್ಕೆ ಅವರಿಗೆ ಯಾರೂ ಬಾಗಿಲು ತೆರೆದಿಲ್ಲ.

ಶಿವಪುರ, ಮದ್ದೂರು, ಮಳವಳ್ಳಿ ಕಡೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಮಕ್ಕಳನ್ನು ಮುಂದೇನು ಎಂದು ಕೇಳಿ ನೋಡಿ. ಮೊದಲು ಬರುವ ಮಾತು ಡಾಕ್ಟರಿಕೆ. ಅದು ಕೈತಪ್ಪಿದರೆ ಹಲ್ಲಿನ ವೈದ್ಯ, ಅದೂ ಇಲ್ಲವಾದರೆ ಆಯುರ್ವೇದ, ಹೀಗೆ ಮೆಟ್ಟಿಲು ಇಳಿಯುತ್ತಾ ಫಿಸಿಯೋಥೆರಪಿಗೆ ಬಂದು ನಿಲ್ಲುತ್ತಾರೆ. ಆಗ ತಂದೆತಾಯಿ ಕೇಳುವುದು ಒಂದೇ ಪ್ರಶ್ನೆ: ಹೆಸರಿನ ಮುಂದೆ ‘ಡಾ.’ ಬರುತ್ತದೆಯೆ? ಹಳ್ಳಿಯವರ ಆಸೆಯೆಂದು ನಗಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ಆರೋಗ್ಯ ಸೇವಾ ಮಹಾನಿರ್ದೇಶನಾಲಯವೇ ಫಿಸಿಯೋಥೆರಪಿಸ್ಟರು ಆ ಅಕ್ಷರ ಹಾಕಿಕೊಳ್ಳಕೂಡದೆಂದು ಪತ್ರ ಹೊರಡಿಸಿ, ಬೆನ್ನಿಗೇ ಅದನ್ನು ಹಿಂತೆಗೆದುಕೊಂಡಿತು. ಅಕ್ಷರದ ಜಗಳ ದೇಶವೆಲ್ಲ ಕೇಳಿತು. ಕೆಲಸದ ವಿಚಾರ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಆ ಕೆಲಸವಾದರೂ ಏನು? ಲಕ್ವ ಹೊಡೆದು ಬಲಗೈ ಬಿದ್ದುಹೋದ ಮುದುಕನ ಬೆರಳುಗಳನ್ನು ದಿನಕ್ಕೆ ಎಷ್ಟೋ ಸಲ ಬಿಡಿಸಿ ಮಡಿಸುವುದು, ತಿಂಗಳುಗಟ್ಟಲೆ. ಎಳನೀರು ಕೀಳಲು ಹತ್ತಿ ತೆಂಗಿನ ಮರದಿಂದ ಬಿದ್ದವನನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ, ಅವನ ಭಾರವನ್ನು ತನ್ನ ಭುಜಕ್ಕೆ ತೆಗೆದುಕೊಂಡು, ಒಂದು ಹೆಜ್ಜೆ ಇಡಿಸುವುದು. ಕಬ್ಬು ಕಡಿದೂ ಹೊರೆ ಹೊತ್ತೂ ಸೊಂಟ ಹಿಡಿದ ಹೆಂಗಸಿಗೆ ಬಗ್ಗುವ ರೀತಿಯನ್ನೇ ಹೊಸದಾಗಿ ಕಲಿಸುವುದು. ಹುಟ್ಟುವಾಗ ಉಸಿರು ಕಟ್ಟಿದ ಮಗುವಿಗೆ ಕತ್ತು ನಿಲ್ಲಿಸುವುದನ್ನು ಹೇಳಿಕೊಡುವುದು. ಬೆಂಗಳೂರು-ಮೈಸೂರು ಹೆದ್ದಾರಿ ನಮ್ಮ ತಾಲ್ಲೂಕನ್ನು ಸೀಳಿಕೊಂಡು ಹೋಗಿದೆ. ಅಪಘಾತಗಳ ಕಾರಣದಿಂದಲೇ 2023ರ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕುಗಳನ್ನು ನಿಷೇಧಿಸಬೇಕಾಯಿತು. ಕಾಲು ಮುರಿದವನಿಗೆ ಮೂಳೆಯ ಡಾಕ್ಟರು ರಾಡು ಹಾಕುತ್ತಾರೆ, ನಿಜ. ಅವನು ಮತ್ತೆ ಗದ್ದೆಯ ಬದುವಿನ ಮೇಲೆ ನಡೆಯುವಂತೆ ಮಾಡುವವರು ಬೇರೆ.

ಇಲ್ಲಿ ಸೂಜಿಮದ್ದಿನ ಬೆರಗಿಲ್ಲ. ನೋವೆಂದು ರೋಗಿ ಬಯ್ಯುತ್ತಾನೆ. ಇಂದು ಮೇಲೆತ್ತಿದ ಕೈ ನಾಳೆ ಏಳದೆ ಹೋಗುತ್ತದೆ. ಇಂಥ ಕಡೆ ನಾಲ್ಕು ದಿನ ಸುಮ್ಮನೆ ನಿಂತು ನೋಡಿದ ಹುಡುಗಿಗೆ ಎರಡರಲ್ಲಿ ಒಂದು ತಿಳಿಯುತ್ತದೆ: ‘ಇದು ನನ್ನಿಂದಾಗದು’ ಎಂದೋ, ‘ಇದೇ ನನ್ನ ಕೆಲಸ’ ಎಂದೋ. ಎರಡೂ ಲಾಭವೇ. ಎರಡನೆಯ ವರ್ಷದಲ್ಲಿ ಕಾಲೇಜು ಬಿಟ್ಟು, ಕಟ್ಟಿದ ಶುಲ್ಕವನ್ನು ಕಳೆದುಕೊಂಡು ಊರಿಗೆ ಮರಳುವುದಕ್ಕಿಂತ ನಾಲ್ಕು ದಿನದ ಬಸ್ಸಿನ ಓಡಾಟ ಅಗ್ಗ.

ಈ ವೃತ್ತಿ ಬೆಳೆದದ್ದೇ ಸಾಮಾನ್ಯ ಜನರ ಮುರಿದ ಮೈಗಳಿಂದ. ಮೊದಲನೆಯ ಮಹಾಯುದ್ಧದಲ್ಲಿ ಊನರಾಗಿ ಬಂದ ಸಿಪಾಯಿಗಳಿಗಾಗಿ ಅಮೆರಿಕದ ಸೇನೆ ಹೆಂಗಸರಿಗೆ ತರಬೇತಿ ಕೊಟ್ಟು ನೇಮಿಸಿತು. ಅವರೇ ಮುಂದೆ 1921ರಲ್ಲಿ ತಮ್ಮ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಪೋಲಿಯೋ ಮಕ್ಕಳ ಕಾಲು ತಿನ್ನುತ್ತಿದ್ದ ಕಾಲದಲ್ಲಿ, 1953ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆಯಿತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಪೋಲಿಯೋ ಹೋಯಿತು, ಲಕ್ವ ಉಳಿದಿದೆ, ಮುಪ್ಪು ಉಳಿದಿದೆ, ಕೂಲಿಯವನ ಸೊಂಟನೋವು ಉಳಿದಿದೆ.

ಅಮೆರಿಕದಲ್ಲಿ ಇಂದು ಈ ಶಾಲೆಗಳಿಗೆ ಅರ್ಜಿ ಹಾಕುವವರನ್ನು ಹಲವು ಶಾಲೆಗಳು ಮೊದಲೇ ಕೇಳುತ್ತವೆ: ಕೆಲಸ ನಡೆಯುವ ಕಡೆ ಎಷ್ಟು ಗಂಟೆ ನಿಂತು ನೋಡಿದ್ದೀರಿ? ಕೆಲವು ಕಡೆ 40 ಗಂಟೆ, ಕೆಲವು ಕಡೆ 100, ಕೆಲವು ಶಾಲೆಗಳು ಏನೂ ಕೇಳುವುದಿಲ್ಲ. ನೋಡಿದ್ದಕ್ಕೆ ಅಲ್ಲಿನ ಥೆರಪಿಸ್ಟರ ಸಹಿ ಬೇಕು. ವಿಚಾರ ಒಳ್ಳೆಯದೇ. ಆದರೆ ಆ ಗಂಟೆಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಕಾರು ಇದ್ದವನು ಹೋಗಿ ನಿಲ್ಲುತ್ತಾನೆ, ಹೋಟೆಲಿನಲ್ಲಿ ತಟ್ಟೆ ತೊಳೆದು ಓದುವವನು ರಜೆ ಕೇಳಲಾರದೆ ಹಿಂದೆ ಬೀಳುತ್ತಾನೆ. ಕೊರೋನಾ ಬಂದಾಗ ಅನೇಕ ಶಾಲೆಗಳು ಈ ನಿಯಮವನ್ನು ಸಡಿಲಿಸಿದವು.

ನಮ್ಮ ಕಾನೂನಿಗೆ ಗಂಟೆಗಳ ಲೆಕ್ಕ ಬರುವುದಿಲ್ಲವೆಂದಲ್ಲ. 2021ರ ಆರೋಗ್ಯ ವೃತ್ತಿಗಳ ಕೇಂದ್ರ ಕಾಯಿದೆ, ಈ ವೃತ್ತಿಗಳ ಪದವಿ 3600 ಗಂಟೆಗಳಿಗೆ ಕಡಿಮೆ ಇರಕೂಡದೆಂದು ಹೇಳುತ್ತದೆ. ಸೇರಿದ ಮೇಲೆ 3600 ಗಂಟೆ. ಸೇರುವುದಕ್ಕೆ ಮುಂಚೆ ಒಂದು ಗಂಟೆಯನ್ನೂ ಯಾರೂ ಏರ್ಪಾಟು ಮಾಡಿಲ್ಲ. ಮಾಸ್ತರಾಗುವವನು ಕೂಡ ನಿಜವಾದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು ತರಬೇತಿಗೆ ಸೇರಿದ ಮೇಲೆಯೇ. ಅಷ್ಟು ಹೊತ್ತಿಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ.

ಹಾಗೆಂದು ನಾಳೆಯೇ ಇದನ್ನು ಪ್ರವೇಶದ ಷರತ್ತು ಮಾಡಿ ಎಂದು ನಾವು ಕೇಳುತ್ತಿಲ್ಲ. ಕೇಳಿದರೆ ಏನಾಗುತ್ತದೆಂಬುದು ತಾಲ್ಲೂಕು ಕಛೇರಿಯ ಮುಂದೆ ನಿಂತವರಿಗೆಲ್ಲ ಗೊತ್ತು. ಆದಾಯದ ಸರ್ಟಿಫಿಕೇಟಿಗೆ ಹುಟ್ಟಿಕೊಂಡ ದಲ್ಲಾಳಿಯೇ ಈ ಸರ್ಟಿಫಿಕೇಟಿಗೂ ಹುಟ್ಟಿಕೊಳ್ಳುತ್ತಾನೆ. ನರ್ಸಿಂಗ್ ಹೋಮಿನ ಒಡೆಯರ ಮಗ ಮನೆಯ ಜಗಲಿಯಲ್ಲೇ ಕೂತು 100 ಗಂಟೆ ಬರೆಸಿಕೊಳ್ಳುತ್ತಾನೆ. ಶಿವಪುರದ ಕೂಲಿಯವನ ಮಗಳು ಸಹಿಗಾಗಿ ಗೇಟಿನಿಂದ ಗೇಟಿಗೆ ಅಲೆಯುತ್ತಾಳೆ. ಉಳ್ಳವರಿಗೆ ಈಗಾಗಲೇ ನೋಡುವ ದಾರಿ ಇದೆ: ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಆಸ್ಪತ್ರೆಯಲ್ಲಿರುತ್ತಾನೆ. ಇಲ್ಲದವರಿಗೆ ಆ ಸೋದರಮಾವನ ಕೆಲಸವನ್ನು ಸರ್ಕಾರ ಮಾಡಬೇಕು.

ಆದ್ದರಿಂದ ಬೇಡಿಕೆ ಹೀಗೆ. ಜಿಲ್ಲೆಯಲ್ಲಿ ಫಿಸಿಯೋಥೆರಪಿ ವಿಭಾಗವಿರುವ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯೂ, 2006ರಿಂದ ನಡೆಯುತ್ತಿರುವ ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆ ಮೊದಲ್ಗೊಂಡು, ಪಿ.ಯು.ಸಿ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳನ್ನು ಸರದಿಯ ಮೇಲೆ, ಒಂದು ಸಲಕ್ಕೆ ಇಬ್ಬರಂತೆ, ಐದು ದಿನ ಒಳಗೆ ಬಿಟ್ಟುಕೊಳ್ಳಲಿ. ಹೆಸರು ಕಳಿಸುವ ಹೊಣೆ ಕಾಲೇಜಿನ ಪ್ರಾಂಶುಪಾಲರದಾಗಲಿ, ಮಕ್ಕಳು ಶಿಫಾರಸು ಹುಡುಕುವಂತಾಗಬಾರದು. ಇದಕ್ಕೆ ಅಂಕವೂ ಬೇಡ, ಸರ್ಟಿಫಿಕೇಟೂ ಬೇಡ. ಕಾಗದವಿಲ್ಲದ ಕಡೆ ದಲ್ಲಾಳಿಗೆ ಕೆಲಸವಿಲ್ಲ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಚಿಂತೆಯಿಲ್ಲ. ಹುಡುಗರ ಬಸ್ಸಿನ ಖರ್ಚು, ಎಲ್ಲರ ಮಧ್ಯಾಹ್ನದ ಊಟ ಕೊಡಬೇಕು. ಬೇಸಿಗೆಯಲ್ಲಿ ಕೂಲಿಗೆ ಹೋಗಿ ಮನೆಗೆ ದುಡ್ಡು ತರುವ ಮಕ್ಕಳೂ ಇದ್ದಾರೆ. ಅವರ ಐದು ದಿನದ ಕೂಲಿಯನ್ನು ಸಹಾಯಧನವಾಗಿ ಕೊಡಬೇಕೆಂದು ಕೇಳಲು ನಮಗೆ ಸಂಕೋಚವಿಲ್ಲ.

ರೋಗಿಗಳ ಮಾನದ ಪ್ರಶ್ನೆ ಎತ್ತುವವರಿದ್ದಾರೆ. ಎತ್ತಬೇಕಾದದ್ದೇ. ಬಡವನ ಮೈ ಯಾರು ಬೇಕಾದರೂ ನೋಡುವ ಪ್ರದರ್ಶನವಲ್ಲ. ಪ್ರತಿ ರೋಗಿಯನ್ನೂ ಕನ್ನಡದಲ್ಲಿ ಕೇಳಿ, ಒಪ್ಪಿದರಷ್ಟೆ ಮಕ್ಕಳನ್ನು ನಿಲ್ಲಿಸಬೇಕು, ಹೆಂಗಸರ ಚಿಕಿತ್ಸೆ ನಡೆಯುವಲ್ಲಿ ಹುಡುಗಿಯರು ಮಾತ್ರ ಇರಬೇಕು, ಫೋನು ಹೊರಗಿರಬೇಕು. ಇನ್ನು, ಥೆರಪಿಸ್ಟರಿಗೆ ಈಗಿರುವ ರೋಗಿಗಳೇ ಹೆಚ್ಚು, ಮಕ್ಕಳಿಗೆ ತೋರಿಸಲು ಪುರಸೊತ್ತೆಲ್ಲಿ ಎನ್ನುತ್ತಾರೆ. ಹಾಗಾದರೆ ಇನ್ನೊಬ್ಬರನ್ನು ನೇಮಿಸಿ! ಅದೂ ನಮ್ಮ ಬೇಡಿಕೆಯೇ.

1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಲೆಕ್ಕಿಸದೆ ಧ್ವಜ ಏರಿಸಿದ ಶಿವಪುರದ ನೆಲದಲ್ಲಿ ಇಂದು ಸತ್ಯಾಗ್ರಹ ಸೌಧವಿದೆ. ಪರೀಕ್ಷೆಗಳು ಮುಗಿಯುವ ಮೊದಲು ಪಿ.ಯು.ಸಿ. ಮಕ್ಕಳ ತಂದೆತಾಯಿಯರು ಅಲ್ಲಿ ಸೇರಬೇಕು. ಈ ಕೆಲಸ ಮಾಡುತ್ತಿರುವವರೊಬ್ಬರನ್ನು ಕರೆಸಿ ಸಂಬಳವೆಷ್ಟು, ಶ್ರಮವೆಷ್ಟು ಎಂದು ನೇರವಾಗಿ ಕೇಳಿ ತಿಳಿಯೋಣ. ಅಲ್ಲಿಯೇ ಮನವಿಗೆ ಸಹಿ ಮಾಡಿ, ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆದುಕೊಂಡು ಬರೋಣ.